ಕೋಶ ಹಸಿರಾಗಿದೆ, ಪ್ರವಾಹ ಮಾತ್ರ ಇಲ್ಲ: ಅಯಾನ್ ಚಾನೆಲ್‌ಗೆ ಯಾವ ವೈರಸ್ ವಾಹಕ?

ಪ್ರಶ್ನೆ: ನಾನು ಸಂಶೋಧನಾ ವಿದ್ಯಾರ್ಥಿನಿ. ಹೃದಯದ ಹರ್ಗ್ ಪೊಟ್ಯಾಶಿಯಂ ಚಾನೆಲ್‌ನ ಒಂದು ರೂಪಾಂತರವನ್ನು ಎಚ್‌ಇಕೆ 293 ಕೋಶಗಳಲ್ಲಿಯೂ ನವಜಾತ ಇಲಿಮರಿಯ ಹೃದಯ ಸ್ನಾಯುಕೋಶಗಳಲ್ಲಿಯೂ ಅಭಿವ್ಯಕ್ತಗೊಳಿಸಿ ಪ್ಯಾಚ್ ಕ್ಲ್ಯಾಂಪ್‌ನಲ್ಲಿ, ಅಂದರೆ ಗಾಜಿನ ಪಿಪೆಟ್ ತುದಿಯನ್ನು ಪೊರೆಗೆ ಅಂಟಿಸಿ, ಅದರ ಪ್ರವಾಹ ಅಳೆಯಬೇಕಿದೆ. ಲಿಪಿಡ್ ಬಳಸಿ ಪ್ಲಾಸ್ಮಿಡ್ ಸೇರಿಸಿದರೆ ಎಚ್‌ಇಕೆ ಕೋಶಗಳು ಚೆನ್ನಾಗಿ ಒಪ್ಪುತ್ತವೆ, ಹೃದಯ ಕೋಶಗಳಲ್ಲಿ ನೂರಕ್ಕೆ ಎರಡು ಮೂರು ಕೂಡ ಬರುವುದಿಲ್ಲ. ಹಾಗಾಗಿ ಲೆಂಟಿವೈರಸ್ ತಯಾರಿಸಿದೆ: ಮೊದಲು ಚಾನೆಲ್, ನಡುವೆ ಎರಡು ಪ್ರೊಟೀನುಗಳನ್ನು ಬೇರ್ಪಡಿಸುವ ಪಿ2ಎ ತುಣುಕು, ಕೊನೆಗೆ ಹಸಿರಾಗಿ ಹೊಳೆಯುವ ಪ್ರೊಟೀನು ಜಿಎಫ್‌ಪಿ. ಎಚ್‌ಇಕೆಯಲ್ಲಿ ಹೆಚ್ಚುಕಡಿಮೆ ಎಲ್ಲ ಕೋಶಗಳೂ ಹಸಿರಾಗಿ ಹೊಳೆಯುತ್ತವೆ, ಆದರೆ ಪ್ರವಾಹವೇ ಕಾಣುತ್ತಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಅಡೆನೊವೈರಸ್ ಮಾಡಿ ಎರಡೂ ಬಗೆಯ ಕೋಶಗಳಿಗೆ ಹಾಕು, ಬರದಿದ್ದರೆ ಪ್ರಮಾಣ ಹೆಚ್ಚಿಸು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ಕೈತಪ್ಪಿದರೆ ತಿಂಗಳುಗಳೇ ಹೋಗುತ್ತವೆ. ಅಡೆನೊವೈರಸ್ ವಾಹಕವನ್ನು ಹೃದಯ ಸ್ನಾಯುಕೋಶಗಳಿಗೆ ಧಾರಾಳವಾಗಿ ಬಳಸಿ. ಎಚ್‌ಇಕೆ 293 ಕೋಶಗಳಿಗೆ ಮಾತ್ರ ದಯವಿಟ್ಟು ಹಾಕಬೇಡಿ.

ಕಾರಣ ಆ ಕೋಶಗಳ ಹುಟ್ಟಿನಲ್ಲೇ ಇದೆ. 1973ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಫ್ರಾಂಕ್ ಗ್ರಹಾಂ ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡೆನೊವೈರಸ್ 5ರ ತುಂಡರಿಸಿದ ಡಿಎನ್‌ಎ ಸೇರಿಸಿದರು. ಅದು ಅವರ 293ನೆಯ ಪ್ರಯೋಗ, ಹೆಸರು ಅಲ್ಲಿಂದ ಬಂದದ್ದು. ವೈರಸ್‌ನ ಇ1 ಜೀನುಗಳಿರುವ ತುಂಡು ಆ ಕೋಶದ ವರ್ಣತಂತುವಿನಲ್ಲಿ ನೆಲೆನಿಂತಿತು, ಇಂದಿಗೂ ಅಲ್ಲೇ ಇದೆ. ನಾವು ಬಳಸುವ ಅಡೆನೊವೈರಸ್ ವಾಹಕಗಳು ಬೇರೆ ಕೋಶಗಳಲ್ಲಿ ಬೆಳೆಯದಿರಲು ಕಾರಣ ಅವುಗಳಿಂದ ಇದೇ ಇ1 ಭಾಗವನ್ನು ತೆಗೆದುಹಾಕಿರುವುದು. ವೈರಸ್‌ನಲ್ಲಿ ಇಲ್ಲದ್ದನ್ನು ಎಚ್‌ಇಕೆ ಕೋಶ ತಾನೇ ಒದಗಿಸುತ್ತದೆ. ಅದಕ್ಕೇ ವಾಹಕವನ್ನು ಬೆಳೆಸುವುದು ಎಚ್‌ಇಕೆ 293ರಲ್ಲಿ. ನೀವು ಅಳೆಯಲು ಇಟ್ಟುಕೊಂಡ ತಟ್ಟೆ ವೈರಸ್ ಬೆಳೆಸುವ ತಟ್ಟೆಯಾಗಿಬಿಡುತ್ತದೆ, ಅಷ್ಟೇ.

ಈ ತಪ್ಪನ್ನು ನಾನು ಬಹಳ ಹತ್ತಿರದಿಂದ ಕಂಡಿದ್ದೇನೆ. ನಾನು ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಪೊಟ್ಯಾಶಿಯಂ ಚಾನೆಲ್‌ನ ಅಡೆನೊವೈರಸ್ಸನ್ನು ಎಚ್‌ಇಕೆಗೆ ಹಾಕಿದೆವು. ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದ ಕೆಳಗೆ ಎಲ್ಲ ಕೋಶಗಳೂ ಹಸಿರು. ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಎರಡನೆಯ ದಿನ ಕೋಶಗಳ ಅಂಚುಗಳು ಒಳಸರಿದು ನಡುನಡುವೆ ಖಾಲಿ ಜಾಗ ಕಾಣತೊಡಗಿತು. ಪಿಪೆಟ್ ತಾಗಿಸಿದರೆ ಸೀಲ್ ಆಗುತ್ತಿರಲಿಲ್ಲ, ಅಂದರೆ ತುದಿ ಪೊರೆಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತಿರಲಿಲ್ಲ. ಒಮ್ಮೊಮ್ಮೆ ಸೀಲ್ ಆದರೂ ಪೊರೆ ಒಡೆಯುವ ಹೊತ್ತಿಗೆ ಸೋರಿಕೆ ಏರುತ್ತಿತ್ತು. ಮೂರನೆಯ ದಿನ ಕೋಶಗಳು ಉಂಡೆಗಟ್ಟಿ ದ್ರಾಕ್ಷಿ ಗೊಂಚಲಿನಂತೆ ತೇಲುತ್ತಿದ್ದವು. ಚಾನೆಲ್ಲೇ ಕೋಶಕ್ಕೆ ವಿಷವಾಗಿದೆ ಎಂದುಕೊಂಡು ಮಾಧ್ಯಮಕ್ಕೆ ಚಾನೆಲ್ ತಡೆಯುವ ಔಷಧ ಬೆರೆಸಿದೆವು, ಜೀನನ್ನು ಚಾಲೂ ಮಾಡುವ ಪ್ರೊಮೋಟರ್ ಬದಲಿಸುವ ಯೋಜನೆ ಹಾಕಿದೆವು. ಕೊನೆಗೆ ಜಿಎಫ್‌ಪಿ ಮಾತ್ರ ಇದ್ದ ವೈರಸ್ಸನ್ನು ಪಕ್ಕದ ತಟ್ಟೆಗೆ ಹಾಕಿ ನೋಡಿದಾಗ ಅದೂ ಮೂರನೆಯ ದಿನ ಅದೇ ರೀತಿ ಸತ್ತಿತು. ಚಾನೆಲ್‌ನದು ಯಾವ ತಪ್ಪೂ ಇರಲಿಲ್ಲ. ಆ ಒಂದು ತಟ್ಟೆಯನ್ನು ಮೊದಲ ದಿನವೇ ಇಟ್ಟಿದ್ದರೆ ಐದಾರು ವಾರ ಉಳಿಯುತ್ತಿತ್ತು.

ಇನ್ನು ನಿಮ್ಮ ನಿಜವಾದ ತೊಂದರೆಗೆ ಬರೋಣ. ಕೋಶ ಹಸಿರಾಗಿದೆ, ಪ್ರವಾಹವಿಲ್ಲ. ಆ ಹಸಿರು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಬಿಡಿಸಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ನಿಮ್ಮ ರಚನೆಯಲ್ಲಿ ಚಾನೆಲ್ ಮೊದಲು, ಪಿ2ಎ ನಂತರ, ಜಿಎಫ್‌ಪಿ ಕೊನೆಗೆ. ರೈಬೋಸೋಮ್ ಚಾನೆಲ್‌ನ ಸಂದೇಶವನ್ನು ತಲೆಯಿಂದ ಬಾಲದವರೆಗೆ ಓದಿ ಮುಗಿಸಿದ ಮೇಲೆಯೇ ಜಿಎಫ್‌ಪಿಗೆ ಬರುತ್ತದೆ. ಹಾಗಾಗಿ ಹಸಿರು ಕಂಡರೆ ಪ್ರೊಟೀನು ತಯಾರಾಗಿದೆ ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಪಿ2ಎ ಬದಲು ಐಆರ್‌ಇಎಸ್ ಇದ್ದಿದ್ದರೆ ಇಷ್ಟೂ ಹೇಳಲಾಗುತ್ತಿರಲಿಲ್ಲ. ಅಲ್ಲಿ ರೈಬೋಸೋಮ್ ನೇರವಾಗಿ ಜಿಎಫ್‌ಪಿಯ ಬಾಗಿಲಲ್ಲಿ ಹತ್ತಿಕೊಳ್ಳುತ್ತದೆ, ಚಾನೆಲ್ ಅರ್ಧಕ್ಕೆ ಮುರಿದಿದ್ದರೂ ಕೋಶ ಹೊಳೆಯುತ್ತದೆ. ಆದರೆ ಪ್ರೊಟೀನು ತಯಾರಾಗುವುದು ಬೇರೆ, ಅದು ಕೋಶದ ಹೊರಪೊರೆಗೆ ತಲುಪುವುದು ಬೇರೆ, ತಲುಪಿದ್ದು ನಿಮ್ಮ ವೋಲ್ಟೇಜ್ ಆದೇಶಕ್ಕೆ ಬಾಯಿ ತೆರೆಯುವುದು ಇನ್ನೂ ಬೇರೆ. ಜಿಎಫ್‌ಪಿ ಕೋಶರಸದಲ್ಲಿ ಹಾಯಾಗಿ ತೇಲುತ್ತದೆ. ಚಾನೆಲ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬ ಸುದ್ದಿ ಅದಕ್ಕೆ ಗೊತ್ತಿಲ್ಲ.

ಮೂರನೆಯದನ್ನೇ ಮೊದಲು ಪರೀಕ್ಷಿಸಿ, ಏಕೆಂದರೆ ಅದಕ್ಕೆ ಹೊಸ ವೈರಸ್ ಬೇಡ. ನೀವು ಯಾವ ಪ್ರೊಟೊಕಾಲ್ ಕೊಡುತ್ತಿದ್ದೀರಿ ಎಂದು ಬರೆದಿಲ್ಲ. ಸೋಡಿಯಂ ಚಾನೆಲ್‌ಗೋ ವೇಗದ ಪೊಟ್ಯಾಶಿಯಂ ಚಾನೆಲ್‌ಗೋ ಕೊಡುವ ಕೆಲವು ಹತ್ತು ಮಿಲಿಸೆಕೆಂಡುಗಳ ಹೆಜ್ಜೆಯನ್ನೇ ಹರ್ಗ್‌ಗೂ ಕೊಟ್ಟರೆ ಏನೂ ಕಾಣುವುದಿಲ್ಲ. ಹರ್ಗ್ ನಿಧಾನವಾಗಿ ತೆರೆದುಕೊಳ್ಳುತ್ತದೆ, ಆದರೆ ಧನ ವೋಲ್ಟೇಜ್‌ನಲ್ಲಿ ತೆರೆದ ಕೂಡಲೇ ನಿಷ್ಕ್ರಿಯ ಸ್ಥಿತಿಗೆ ಜಾರುತ್ತದೆ. ಅದರಿಂದ ಹೆಜ್ಜೆಯ ಅವಧಿಯಲ್ಲಿ ಪ್ರವಾಹ ಚಿಕ್ಕದು. ಮೈನಸ್ 80 ಮಿಲಿವೋಲ್ಟ್‌ನಲ್ಲಿ ಹಿಡಿದು, ಪ್ಲಸ್ 20ಕ್ಕೆ ಎರಡರಿಂದ ನಾಲ್ಕು ಸೆಕೆಂಡು ಏರಿಸಿ, ಆಮೇಲೆ ಮೈನಸ್ 50ಕ್ಕೆ ಇಳಿಸಿ ನೋಡಿ. ಇಳಿಸಿದ ಕ್ಷಣ ನಿಷ್ಕ್ರಿಯತೆ ಬೇಗ ಕಳಚುತ್ತದೆ, ಮುಚ್ಚುವುದು ಮಾತ್ರ ನಿಧಾನ. ಆಗ ಎದ್ದು ನಿಲ್ಲುವ ದೊಡ್ಡ, ಗುಡ್ಡದಂಥ ಟೇಲ್ ಕರೆಂಟೇ ಹರ್ಗ್‌ನ ಸಹಿ. ಅದರ ಮೇಲೆ ಹರ್ಗ್ ತಡೆಯುವ ಔಷಧ ಇ-4031 ಅನ್ನು 1 ಮೈಕ್ರೊಮೋಲಾರ್‌ನಲ್ಲಿ ಹಾಯಿಸಿದರೆ ಅದು ಕರಗಬೇಕು. ಕಾಡುಬಗೆಯ, ಅಂದರೆ ರೂಪಾಂತರವಿಲ್ಲದ ಹರ್ಗ್‌ನ ಪ್ಲಾಸ್ಮಿಡ್ ಹಾಕಿದ ತಟ್ಟೆಯೊಂದರಲ್ಲಿ ಈ ಸಹಿಯನ್ನು ಕಣ್ಣಾರೆ ಕಾಣುವವರೆಗೆ ರೂಪಾಂತರದ ಕಡೆಗೆ ತಿರುಗಬೇಡಿ.

ಅಲ್ಲಿ ಟೇಲ್ ಕರೆಂಟ್ ಕಂಡು, ನಿಮ್ಮ ವೈರಸ್‌ನ ರೂಪಾಂತರದಲ್ಲಿ ಕಾಣದಿದ್ದರೆ ಎರಡನೆಯ ಸಾಧ್ಯತೆ: ಚಾನೆಲ್ ಒಳಗೇ ಉಳಿದಿದೆ. ಹೃದಯದ ಲಯ ತಪ್ಪಿಸುವ ದೀರ್ಘ ಕ್ಯೂಟಿ ಸಿಂಡ್ರೋಮ್‌ನ ಎರಡನೆಯ ಬಗೆಗೆ ಕಾರಣವಾಗುವ ಹರ್ಗ್ ರೂಪಾಂತರಗಳಲ್ಲಿ ಬಹುಪಾಲು ಇಂಥವೇ. ರಂಧ್ರ ಕೆಟ್ಟಿರುವುದಿಲ್ಲ, ಮಡಿಕೆ ಸರಿಯಾಗದ್ದರಿಂದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ತಪಾಸಣೆಯಲ್ಲಿ ಸಿಕ್ಕಿಬೀಳುತ್ತವೆ. ಇದನ್ನು ತಿಳಿಯಲು ಪ್ರೊಟೀನುಗಳನ್ನು ಗಾತ್ರದಂತೆ ಬಿಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟ್ ಒಂದು ಸಾಕು. ಹರ್ಗ್ ಎರಡು ಪಟ್ಟಿಗಳಾಗಿ ಬರುತ್ತದೆ. ಸುಮಾರು 135 ಕಿಲೋಡಾಲ್ಟನ್‌ನದು ಒಳಗಿನ, ಇನ್ನೂ ಹಣ್ಣಾಗದ ರೂಪ. ಸುಮಾರು 155ರದು ಗಾಲ್ಜಿ ದಾಟಿ ಸಕ್ಕರೆಯ ಸರಗಳನ್ನು ಪೂರ್ತಿ ತೊಟ್ಟ, ಪೊರೆಗೆ ಹೋಗುವ ರೂಪ. ಮೇಲಿನ ಪಟ್ಟಿ ಇಲ್ಲದೆ ಕೆಳಗಿನದು ಮಾತ್ರ ಗಾಢವಾಗಿದ್ದರೆ ನಿಮ್ಮ ವೈರಸ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ, ಸಾಗಣೆ ಮಾಡದಿರುವುದು ಕೋಶ. ಹಾಗಿದ್ದಲ್ಲಿ ಕೋಶಗಳನ್ನು ಒಂದು ದಿನ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ನೋಡಿ. ಎನ್470ಡಿ ಎಂಬ ರೂಪಾಂತರ ಹೀಗೆ ತಣ್ಣಗಿಟ್ಟಾಗ ಪೊರೆಗೆ ಬರುತ್ತದೆ; ಸಿಸ್ಟಿಕ್ ಫೈಬ್ರೋಸಿಸ್‌ಗೆ ಕಾರಣವಾಗುವ ಸಿಎಫ್‌ಟಿಆರ್ ಚಾನೆಲ್‌ನ ಅತಿ ಸಾಮಾನ್ಯ ರೂಪಾಂತರದಲ್ಲೂ ಇದೇ ವರ್ತನೆ 1992ರಿಂದ ಗೊತ್ತಿದೆ. ಪ್ರವಾಹ ಬಂದರೆ ನಿಮಗೆ ಸಿಕ್ಕಿದ್ದು ವಿಫಲ ಪ್ರಯೋಗವಲ್ಲ, ರೂಪಾಂತರದ ರೋಗಕಾರಣ. ನೀವು ಹುಡುಕುತ್ತಿರುವುದೂ ಅದನ್ನೇ ಅಲ್ಲವೇ?

ಈಗ ಪ್ರಮಾಣ ಹೆಚ್ಚಿಸುವ ಸಲಹೆಗೆ ನಾನೇಕೆ ಇಷ್ಟು ಗಟ್ಟಿಯಾಗಿ ಅಡ್ಡ ನಿಲ್ಲುತ್ತೇನೆ ಎಂದು ನೋಡಿ. ಸಾಗಣೆಯಲ್ಲಿ ಸೋಲುವ ಚಾನೆಲ್‌ಗಳಲ್ಲಿ ಒಂದು ಸಣ್ಣ ಪಾಲು ಹೇಗೋ ತಪ್ಪಿಸಿಕೊಂಡು ಪೊರೆಗೆ ಬರುತ್ತದೆ. ಸಹಜ ಪ್ರಮಾಣದಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ವೈರಸ್ಸನ್ನು ಇಪ್ಪತ್ತು ಪಟ್ಟು ಸುರಿದರೆ ಆ ಸಣ್ಣ ಪಾಲೂ ಇಪ್ಪತ್ತು ಪಟ್ಟಾಗಿ, ಪ್ರವಾಹ ಕಾಡುಬಗೆಯ ಚಾನೆಲ್‌ನದಕ್ಕೆ ಸಮನಾಗಿ ಕಾಣಬಹುದು. ಆಗ ರೋಗಿಯನ್ನು ಕಾಡುವ ರೂಪಾಂತರವನ್ನು ನಿರಪಾಯ ಎಂದು ಬರೆದುಬಿಡುತ್ತೀರಿ. ಅಳತೆಯೇ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು. ವೈರಸ್ ವಾಹಕಗಳ ದೊಡ್ಡ ಶಕ್ತಿ ಎಂದರೆ ಎಲ್ಲ ಕೋಶಗಳಿಗೂ ತಲುಪುವುದು. ಪ್ರತಿ ಕೋಶವನ್ನೂ ಚಾನೆಲ್‌ನಿಂದ ತುಂಬಿಬಿಡುವುದನ್ನು ಶಕ್ತಿ ಎಂದು ತಿಳಿಯಬಾರದು.

ಹೆಚ್ಚು ಚಾನೆಲ್ ಅಳತೆಯನ್ನೂ ಕೆಡಿಸುತ್ತದೆ. ಲೆಕ್ಕ ಮಾಡಿ ನೋಡಿ. ವೇಗದ ಪೊಟ್ಯಾಶಿಯಂ ಚಾನೆಲ್ ಒಂದು 10 ನ್ಯಾನೊಆಂಪಿಯರ್ ಹೊರಹರಿಸುತ್ತಿದೆ, ಪಿಪೆಟ್ ತುದಿಯ ಸರಣಿ ರೋಧ 5 ಮೆಗಾಓಮ್ ಎಂದಿಟ್ಟುಕೊಳ್ಳಿ. ಎರಡರ ಗುಣಲಬ್ಧ 50 ಮಿಲಿವೋಲ್ಟ್. ನೀವು ಪ್ಲಸ್ 40 ಎಂದು ಆದೇಶ ಕೊಟ್ಟಿದ್ದೀರಿ, ಪೊರೆ ಕಾಣುತ್ತಿರುವುದು ಮೈನಸ್ 10. ಯಂತ್ರದಲ್ಲಿ 80 ಶೇಕಡಾ ಸರಿದೂಗಿಸಿದರೂ 10 ಮಿಲಿವೋಲ್ಟ್ ದೋಷ ಉಳಿಯುತ್ತದೆ. ಸಕ್ರಿಯತೆಯ ವಕ್ರರೇಖೆಯಲ್ಲಿ 8 ಮಿಲಿವೋಲ್ಟ್ ಪಲ್ಲಟ ಕಂಡಿತು ಎಂದು ವಾದಿಸುವವರಿಗೆ ಈ ಒಂದು ಗುಣಾಕಾರ ಸಾಕು, ಇಡೀ ವಾದ ಕುಸಿಯಲು. ಅದೇ ಕೋಶದಲ್ಲಿ ಪ್ರವಾಹ 1 ನ್ಯಾನೊಆಂಪಿಯರ್ ಇದ್ದರೆ ಸರಿದೂಗಿಸುವ ಮೊದಲೇ ದೋಷ 5, ಆಮೇಲೆ 1. ಆದ್ದರಿಂದ ಸೂಕ್ಷ್ಮದರ್ಶಕದಲ್ಲಿ ಕಣ್ಣು ಸೆಳೆಯುವ ಉಜ್ವಲ ಕೋಶವನ್ನು ಬಿಟ್ಟು, ಹೌದೋ ಅಲ್ಲವೋ ಎನ್ನುವಷ್ಟು ತಿಳಿಹಸಿರಾದ ಕೋಶಕ್ಕೆ ಪಿಪೆಟ್ ಇಳಿಸುವ ಅಭ್ಯಾಸ ಮಾಡಿಕೊಳ್ಳಿ.

ಪ್ರಮಾಣವನ್ನು ಹಿಡಿತದಲ್ಲಿಡುವ ದಾರಿ ಎಂಒಐ, ಅಂದರೆ ಒಂದು ಕೋಶಕ್ಕೆ ಎಷ್ಟು ಸೋಂಕುಕಾರಿ ಕಣ ಎಂಬ ಅನುಪಾತ. ಕಣಗಳು ಕೋಶಗಳ ಮೇಲೆ ಸಮವಾಗಿ ಹಂಚಿಕೆಯಾಗುವುದಿಲ್ಲ. ಮಳೆಹನಿ ಬಿದ್ದಂತೆ, ಪುಯಾಸೋನ್ ಹಂಚಿಕೆಯಂತೆ ಬೀಳುತ್ತವೆ. ಎಂಒಐ 1 ಎಂದರೆ ಪ್ರತಿ ಕೋಶಕ್ಕೂ ಒಂದೊಂದು ಎಂದಲ್ಲ. 37 ಶೇಕಡಾ ಕೋಶಗಳಿಗೆ ಒಂದೂ ಸಿಗುವುದಿಲ್ಲ, ಕೆಲವಕ್ಕೆ ಮೂರು ನಾಲ್ಕು ಸಿಗುತ್ತವೆ. ಎಂಒಐ 3ಕ್ಕೆ ಏರಿಸಿದರೆ ಖಾಲಿ ಉಳಿಯುವುದು 5 ಶೇಕಡಾ. ಬದಲಿಗೆ 0.3ಕ್ಕೆ ಇಳಿಸಿದರೆ ಸೋಂಕು ತಗಲುವುದು ಕಾಲುಭಾಗಕ್ಕೆ ಮಾತ್ರ, ಆದರೆ ಆ ಕಾಲುಭಾಗದಲ್ಲಿ ಸುಮಾರು 86 ಶೇಕಡಾ ಕೋಶಗಳಲ್ಲಿ ಒಂದೇ ಪ್ರತಿ ಇರುತ್ತದೆ. ಎಚ್‌ಇಕೆಗೆ ನಾನು ಹೇಳುವುದು ಈ ಎರಡನೆಯ ದಾರಿ. ಲೆಂಟಿವೈರಸ್ ಕೋಶದ ಜೀನೋಮ್‌ಗೆ ಸೇರಿಕೊಳ್ಳುತ್ತದೆ, ಎಂಒಐ 0.3ರಲ್ಲಿ ಹಾಕಿ, ಸೋಂಕಿತ ಕೋಶಗಳನ್ನು ಪ್ಯೂರೊಮೈಸಿನ್‌ನಿಂದಲೋ ಹೊಳಪಿನ ಆಧಾರದ ಮೇಲೆ ಸಾರ್ಟರ್‌ನಿಂದಲೋ ಆರಿಸಿ, ಮಧ್ಯಮ ಹೊಳಪಿನ ಗುಂಪನ್ನು ಬೆಳೆಸಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಿ. ಕಾಡುಬಗೆ ಮತ್ತು ರೂಪಾಂತರ ಎರಡನ್ನೂ ಒಂದೇ ವಾರದಲ್ಲಿ, ಒಂದೇ ಹೊಳಪಿನ ಕಿಟಕಿಯಲ್ಲಿ ಆರಿಸಿದರೆ ಹೋಲಿಕೆಗೆ ಅರ್ಥ ಬರುತ್ತದೆ. ಕೆಲವೇ ಕೋಶಗಳನ್ನು ಒಮ್ಮೆ ನೋಡಿ ಮುಗಿಸುವುದಾದರೆ ಎಚ್‌ಇಕೆಗೆ ವೈರಸ್ ಏಕೆ, ನಿಮ್ಮ ಲಿಪಿಡ್ ವಿಧಾನವೇ ಸಾಕು.

ಒಂದು ಎಚ್ಚರಿಕೆ. ಎಂಒಐ ಎಂಬ ಸಂಖ್ಯೆ ಎಣಿಸಿದ ಕೋಶಕ್ಕೆ ಅಂಟಿಕೊಂಡಿರುತ್ತದೆ. ಎಚ್‌ಇಕೆಯ ಮೇಲೆ ಅಳೆದ ಟೈಟರ್, ಅಂದರೆ ದ್ರಾವಣದಲ್ಲಿನ ಸೋಂಕುಕಾರಿ ಕಣಗಳ ಸಾಂದ್ರತೆ, ಹೃದಯ ಕೋಶದಲ್ಲಿ ನಿಲ್ಲುವುದಿಲ್ಲ. ಅಲ್ಲದೆ ಒಟ್ಟು ಕಣಗಳ ಸಂಖ್ಯೆ ಬೇರೆ, ಸೋಂಕು ಉಂಟುಮಾಡುವ ಕಣಗಳ ಸಂಖ್ಯೆ ಬೇರೆ. ಅಡೆನೊವೈರಸ್‌ನಲ್ಲಿ ಎರಡರ ನಡುವೆ ಹತ್ತಾರು ಪಟ್ಟು ಅಂತರವಿರಬಹುದು. ಸೀಸೆಯ ಮೇಲೆ ಬರೆದಿರುವುದು ಯಾವುದು ಎಂದು ಮೊದಲು ಕೇಳಿ, ಆಮೇಲೆ ನಿಮ್ಮ ಕೋಶದ ಮೇಲೆಯೇ ನಾಲ್ಕೈದು ದುರ್ಬಲೀಕರಣಗಳನ್ನು ಹಾಕಿ ನೋಡಿ.

ಹೃದಯ ಸ್ನಾಯುಕೋಶಗಳಿಗೆ ಅಡೆನೊವೈರಸ್ ಸೊಗಸಾಗಿ ಒಗ್ಗುತ್ತದೆ. ಈ ಕೋಶಗಳು ವಿಭಜನೆಯನ್ನು ಬಹುತೇಕ ನಿಲ್ಲಿಸಿರುತ್ತವೆ. ಅಡೆನೊವೈರಸ್‌ಗೆ ವಿಭಜನೆ ಬೇಕಿಲ್ಲ. 24ರಿಂದ 48 ಗಂಟೆಗಳಲ್ಲಿ ಚಾನೆಲ್ ಸಿದ್ಧ. ನವಜಾತ ಕೋಶಗಳ ಕಲ್ಚರ್‌ನಲ್ಲಿ ದಿನ ಕಳೆದಂತೆ ನಾರುಕೋಶಗಳು ಬೆಳೆದು ತಟ್ಟೆಯನ್ನು ಆಕ್ರಮಿಸುತ್ತವೆ, ಹಾಗಾಗಿ ಬೇಗ ಸಿದ್ಧವಾಗುವುದೇ ಒಂದು ದೊಡ್ಡ ಲಾಭ. ಈ ದಾರಿ ಹೊಸದೂ ಅಲ್ಲ. 1995ರಲ್ಲೇ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಎಡ್ವರ್ಡೊ ಮಾರ್ಬಾನ್ ಅವರ ತಂಡ ಇಲಿಯ ಹೃದಯ ಕೋಶಗಳಲ್ಲಿ ಪೊಟ್ಯಾಶಿಯಂ ಚಾನೆಲ್ ಒಂದನ್ನು ಅಡೆನೊವೈರಸ್ ಮೂಲಕ ಅಭಿವ್ಯಕ್ತಗೊಳಿಸಿತ್ತು. 2002ರಲ್ಲಿ ಅದೇ ತಂಡ ಕೆಐಆರ್ 2.1 ಚಾನೆಲ್‌ನ ರಂಧ್ರ ಕೆಡಿಸಿದ ರೂಪವನ್ನು ಗಿನಿ ಹಂದಿಯ ಹೃದಯಕ್ಕೆ ಹೀಗೆಯೇ ಸೇರಿಸಿ, ಸುಮ್ಮನಿರಬೇಕಾದ ಸ್ನಾಯುಕೋಶಗಳು ತಾವಾಗಿ ಮಿಡಿಯುವಂತೆ ಮಾಡಿತು. ಆ ಮಿಡಿತದ ಚಿತ್ರವನ್ನು ಮೊದಲ ಸಲ ನೋಡಿದಾಗ ನನಗೆ ರೋಮಾಂಚನವಾಗಿತ್ತು, ಈಗಲೂ ಆಗುತ್ತದೆ. ಒಂದೇ ಚಾನೆಲ್‌ನ ಪ್ರಮಾಣ ಬದಲಾದರೆ ಕೋಶದ ಸ್ವಭಾವವೇ ಬದಲಾಗುತ್ತದೆ ಎಂಬುದಕ್ಕೆ ಅದಕ್ಕಿಂತ ನಿಚ್ಚಳ ಸಾಕ್ಷಿ ಬೇಡ.

ಅಡೆನೊವೈರಸ್ ಎಲ್ಲ ಕೋಶಗಳಿಗೂ ಹತ್ತುವುದಿಲ್ಲ. ಅದು ಒಳಹೋಗಲು ಕೋಶದ ಮೇಲೆ ಸಿಎಆರ್ ಎಂಬ ಗ್ರಾಹಕ ಬೇಕು. ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬಂದ ಸಿಎಚ್‌ಒ ಕೋಶಗಳಲ್ಲಿ ಅದಿಲ್ಲ, ಹಾಗಾಗಿ ಯಾರಾದರೂ ಮುಂದೆ ನಿಮಗೆ ಸಿಎಚ್‌ಒ ಕೊಟ್ಟರೆ ಲೆಂಟಿವೈರಸ್‌ಗೆ ಮರಳಿ.

ಎಎವಿ, ಅಂದರೆ ಅಡೆನೊ ಸಹವರ್ತಿ ವೈರಸ್, ಅದರ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಖಂಡಿತ ಸೂಚಿಸುತ್ತಾರೆ. ಅದರ ತೊಂದರೆ ಜಾಗ. ಎರಡು ತುದಿಗಳೂ ಸೇರಿ ಅದರಲ್ಲಿ ಹಿಡಿಯುವುದು ಸುಮಾರು 4.7 ಕಿಲೋಬೇಸ್. ಹರ್ಗ್ 1159 ಅಮೈನೊ ಆಮ್ಲಗಳ ಪ್ರೊಟೀನು, ಅಂದರೆ 3480 ಬೇಸ್ ಜೋಡಿ. ತುದಿಗಳಿಗೆ 290, ಸಿಎಂವಿ ಪ್ರೊಮೋಟರ್‌ಗೆ 600, ಸಂದೇಶದ ಕೊನೆ ಗುರುತಿಸುವ ಪಾಲಿಎಗೆ 200 ಸೇರಿಸಿ: 4570. ಉಸಿರು ಬಿಗಿಹಿಡಿದು ತೂರಿಸಬಹುದು. ಪಿ2ಎ ಮತ್ತು ಜಿಎಫ್‌ಪಿ ಸೇರಿಸಿದಿರೋ 5300 ದಾಟಿತು, ಆಗ ಕೊನೆ ಕತ್ತರಿಸಿಹೋದ ಕಣಗಳೇ ಹೆಚ್ಚು ಸಿಗುತ್ತವೆ. ಹೃದಯದ ಸೋಡಿಯಂ ಚಾನೆಲ್ ಎನ್‌ಎವಿ 1.5 ಒಂದೇ 6 ಕಿಲೋಬೇಸ್, ಒತ್ತಡಕ್ಕೆ ತೆರೆಯುವ ಪೀಜೊ 1 ಏಳೂವರೆ. ಇವು ಒಂದು ಎಎವಿಯೊಳಗೆ ಇಡಿಯಾಗಿ ಹಿಡಿಯುವುದೇ ಇಲ್ಲ. ಕಲ್ಚರ್‌ನಲ್ಲಿ ಎಎವಿ ನಿಧಾನ ಕೂಡ, ವಾರ ಹಿಡಿಯುತ್ತದೆ. ಅಷ್ಟರಲ್ಲಿ ನಿಮ್ಮ ನವಜಾತ ಹೃದಯ ಕೋಶಗಳ ಆಟ ಮುಗಿದಿರುತ್ತದೆ. ಲೆಂಟಿವೈರಸ್‌ನಲ್ಲಿ ಎಂಟು ಕಿಲೋಬೇಸ್‌ವರೆಗೆ ಜಾಗವಿದೆ, ಆದರೆ ಉದ್ದ ಹೆಚ್ಚಿದಂತೆ ಟೈಟರ್ ಬೀಳುತ್ತದೆ. ಇ1 ಮತ್ತು ಇ3 ತೆಗೆದ ಅಡೆನೊವೈರಸ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ಜಾಗ, ಟೈಟರ್ ಮಾತ್ರ ಕೈಕೊಡುವುದಿಲ್ಲ. ಅತಿ ದೊಡ್ಡ ಅಥವಾ ಹಲವು ಉಪಘಟಕಗಳ ಚಾನೆಲ್‌ಗೆ ಕೀಟಕೋಶಗಳಲ್ಲಿ ಬೆಳೆಸಿದ ಬ್ಯಾಕ್ಯುಲೊವೈರಸ್ ಉಂಟು. ಸಸ್ತನಿ ಕೋಶದಲ್ಲಿ ಅದು ಬೆಳೆಯುವುದಿಲ್ಲ, ಹಾಕಿದ ಪ್ರಮಾಣಕ್ಕೆ ತಕ್ಕಂತೆ ಅಭಿವ್ಯಕ್ತಿ ಕೊಡುತ್ತದೆ. ಸೆಮ್ಲಿಕಿ ಫಾರೆಸ್ಟ್ ವೈರಸ್ ಕೆಲವೇ ಗಂಟೆಗಳಲ್ಲಿ ಭರಪೂರ ಚಾನೆಲ್ ಕೊಟ್ಟು ಒಂದೆರಡು ದಿನಗಳಲ್ಲಿ ಕೋಶವನ್ನೇ ಮುಗಿಸುತ್ತದೆ. ನಿಮ್ಮ ಕೆಲಸಕ್ಕೆ ಎರಡೂ ಬೇಡ.

ಲೆಂಟಿವೈರಸ್ ಪರವಾಗಿಯೂ ಒಂದು ಮಾತು ಹೇಳಬೇಕು. 2005ರಲ್ಲಿ ಎಡ್ವರ್ಡ್ ಬಾಯ್ಡನ್, ಕಾರ್ಲ್ ಡೈಸೆರೋತ್ ಮತ್ತು ಸಂಗಡಿಗರು ಕಲ್ಚರ್‌ನಲ್ಲಿದ್ದ ನರಕೋಶಗಳನ್ನು ಬೆಳಕಿನಿಂದ ಮಿಡಿಸಿದ್ದು ಚಾನೆಲ್‌ರೊಡಾಪ್ಸಿನ್-2 ಎಂಬ ಅಯಾನ್ ಚಾನೆಲ್ಲನ್ನು ಲೆಂಟಿವೈರಸ್‌ನಲ್ಲಿ ಹೊತ್ತೊಯ್ದು. ವಾರಗಟ್ಟಲೆ ಬದುಕುವ ನರಕೋಶಗಳಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಲೆಂಟಿವೈರಸ್ ತಯಾರಿಸುವಾಗ ಚಾನೆಲ್ ಮೊದಲು ಅಭಿವ್ಯಕ್ತವಾಗುವುದು ವೈರಸ್ ಮಾಡುವ ಎಚ್‌ಇಕೆ 293ಟಿ ಕೋಶದಲ್ಲೇ ಎಂಬುದನ್ನು ಹಲವರು ಮರೆಯುತ್ತಾರೆ. ಕ್ಯಾಲ್ಸಿಯಂ ಒಳಬಿಡುವ ಚಾನೆಲ್ ಆದರೆ ಆ ಕೋಶಗಳು ಅಸ್ವಸ್ಥವಾಗಿ ಟೈಟರ್ ಕುಸಿಯುತ್ತದೆ. ಎನ್‌ಎಂಡಿಎ ಗ್ರಾಹಕವನ್ನು ಎಚ್‌ಇಕೆಯಲ್ಲಿ ಮಾಡುವವರು ಮಾಧ್ಯಮಕ್ಕೆ ಅದನ್ನು ತಡೆಯುವ ಎಪಿ5 ಅಥವಾ ಕೆಟಮೀನ್ ಬೆರೆಸುವುದು ಇದಕ್ಕೇ; ಮಾಧ್ಯಮದಲ್ಲಿರುವ ಗ್ಲುಟಮೇಟ್ ಮತ್ತು ಗ್ಲೈಸಿನ್ ಚಾನೆಲ್ಲನ್ನು ಸದಾ ತೆರೆದಿಟ್ಟು ಕೋಶವನ್ನು ಕೊಲ್ಲುತ್ತವೆ. ಹರ್ಗ್ ಅಷ್ಟು ಉಪದ್ರವಿ ಅಲ್ಲ. ಉಪದ್ರವಿ ಚಾನೆಲ್‌ಗಳಿಗೆ ಟೆಟ್ರಾಸೈಕ್ಲಿನ್ ಕೊಟ್ಟಾಗ ಮಾತ್ರ ಎಚ್ಚರಗೊಳ್ಳುವ ಪ್ರೊಮೋಟರ್ ಒಳ್ಳೆಯದು.

ಇದಕ್ಕೂ ಹಿಂದಿನ ಹಂತದಲ್ಲಿ, ಬ್ಯಾಕ್ಟೀರಿಯಾದಲ್ಲೇ ಕೆಲವು ಚಾನೆಲ್‌ಗಳು ಕೆಡುತ್ತವೆ. ಸೋಡಿಯಂ ಚಾನೆಲ್‌ಗಳ ಸಿಡಿಎನ್‌ಎ ಇದಕ್ಕೆ ಕುಖ್ಯಾತ: ಇ. ಕೊಲೈ ಅದನ್ನು ಸಹಿಸದೆ ತುಂಡು ಬಿಟ್ಟುಹಾಕುತ್ತದೆ ಅಥವಾ ಮರುಜೋಡಿಸುತ್ತದೆ. ತಟ್ಟೆಯಲ್ಲಿ ದಪ್ಪಗೆ ಬೆಳೆದ ಕಾಲನಿಗಳನ್ನು ಬಿಟ್ಟು ಚಿಕ್ಕ, ನಿಧಾನದ ಕಾಲನಿಗಳನ್ನು ಆರಿಸಿ, 30 ಡಿಗ್ರಿಯಲ್ಲಿ ಬೆಳೆಸಿ, ಮರುಸಂಯೋಜನೆ ಕಡಿಮೆ ಇರುವ ತಳಿ ಬಳಸಿ. ನೀವು ಕೂಡ ವೈರಸ್ ಪ್ಲಾಸ್ಮಿಡ್‌ನಲ್ಲಿ ಹರ್ಗ್‌ನ ಪೂರ್ಣ ಉದ್ದವನ್ನು ಅನುಕ್ರಮಣಿಸಿದ್ದೀರಾ, ಇಲ್ಲವೇ ರೂಪಾಂತರವಿರುವ ತುಂಡನ್ನು ಮಾತ್ರವೇ? ಚೌಕಟ್ಟು ಕೆಡದಂತೆ ನಡುವೆ ಒಂದು ಭಾಗ ಬಿದ್ದುಹೋಗಿದ್ದರೆ ನಿಮ್ಮ ರಚನೆಯಲ್ಲೂ ಕೋಶ ಹಸಿರಾಗಿಯೇ ಹೊಳೆಯುತ್ತದೆ.

ಪಿ2ಎಯ ಇನ್ನೊಂದು ಗುಟ್ಟು: ಬೇರ್ಪಟ್ಟ ಮೇಲೂ ಮೊದಲು ಬರುವ ಪ್ರೊಟೀನಿನ ಬಾಲಕ್ಕೆ ಸುಮಾರು ಇಪ್ಪತ್ತು ಅಮೈನೊ ಆಮ್ಲಗಳು ಅಂಟಿಕೊಂಡೇ ಉಳಿಯುತ್ತವೆ. ಬಾಲದ ಕೊನೆಯ ಮೂರು ನಾಲ್ಕು ಅಕ್ಷರಗಳಿಂದಲೇ ಪಿಡಿಝಡ್ ಪ್ರೊಟೀನುಗಳನ್ನು ಹಿಡಿದುಕೊಳ್ಳುವ ಚಾನೆಲ್‌ಗಳಿಗೆ, ಉದಾಹರಣೆಗೆ ಕೆಐಆರ್ 2.1 ಮತ್ತು ಎನ್‌ಎವಿ 1.5ಕ್ಕೆ, ಇದು ಕೈ ಕಟ್ಟಿಹಾಕಿದಂತೆ. ಎಚ್‌ಇಕೆಯಲ್ಲಿ ವ್ಯತ್ಯಾಸ ತಿಳಿಯದಿರಬಹುದು, ಹೃದಯ ಕೋಶದಲ್ಲಿ ಚಾನೆಲ್ ತಪ್ಪು ಜಾಗದಲ್ಲಿ ಕೂರಬಹುದು. ಅಂಥ ಕಡೆ ಜಿಎಫ್‌ಪಿಯನ್ನು ಮುಂದಿಟ್ಟು ಚಾನೆಲ್ಲನ್ನು ಹಿಂದಿಡಿ.

ನಿಯಂತ್ರಣ ತಟ್ಟೆಗಳ ವಿಷಯದಲ್ಲಿ ಯಾವ ರಾಜಿಯೂ ಬೇಡ. ವೈರಸ್ ಇಲ್ಲದ ಕೋಶ ಒಂದು. ಅದೇ ಎಂಒಐಯಲ್ಲಿ ಜಿಎಫ್‌ಪಿ ಮಾತ್ರದ ವೈರಸ್ ಹಾಕಿದ ಕೋಶ ಇನ್ನೊಂದು. ಸಾಧ್ಯವಿದ್ದರೆ ಪೊರೆಗೆ ಬಂದರೂ ಅಯಾನು ಹಾಯಿಸದಂತೆ ರಂಧ್ರವನ್ನು ಕೆಡಿಸಿದ ಚಾನೆಲ್‌ನದು ಮೂರನೆಯದು. ದೊಡ್ಡ ಪೊರೆ ಪ್ರೊಟೀನನ್ನು ತಯಾರಿಸುವ ಹೊರೆಯೇ ಕೋಶದ ಉಳಿದ ಪ್ರವಾಹಗಳನ್ನು ಬದಲಿಸುತ್ತದೆಯೇ ಎಂಬುದನ್ನು ಹೇಳಬಲ್ಲದ್ದು ಅದೊಂದೇ. ಎಚ್‌ಇಕೆ ಖಾಲಿ ಪಾತ್ರೆಯಲ್ಲ. ಅದರಲ್ಲಿ ತನ್ನದೇ ಸಣ್ಣ ಪೊಟ್ಯಾಶಿಯಂ ಪ್ರವಾಹವಿದೆ, ಆಮ್ಲಕ್ಕೆ ತೆರೆಯುವ ಎಎಸ್‌ಐಸಿ 1ಎ ಇದೆ, ಪೀಜೊ 1 ಕೂಡ ಇದೆ. ನಿಮ್ಮ ಹೃದಯ ಕೋಶದಲ್ಲಂತೂ ಇಲಿಯ ಸ್ವಂತ ಚಾನೆಲ್‌ಗಳ ಸಂತೆಯೇ ನೆರೆದಿರುತ್ತದೆ, ಅಲ್ಲಿ ಇ-4031 ಹಾಯಿಸುವ ಮೊದಲಿನ ಮತ್ತು ನಂತರದ ದಾಖಲೆಗಳ ವ್ಯವಕಲನವನ್ನು ಮಾತ್ರ ನಂಬಿ. ಪ್ರತಿ ಕೋಶದ ಪ್ರವಾಹವನ್ನು ಅದರ ಕೆಪಾಸಿಟೆನ್ಸ್‌ನಿಂದ, ಅಂದರೆ ಪೊರೆಯ ವಿಸ್ತೀರ್ಣದ ಅಳತೆಯಿಂದ, ಭಾಗಿಸಿ ಬರೆಯಿರಿ.

ಸುರಕ್ಷತೆ. ಲೆಂಟಿ ಮತ್ತು ಅಡೆನೊ ಎರಡೂ ಎರಡನೆಯ ಜೈವಿಕ ಸುರಕ್ಷಾ ಮಟ್ಟದ ಕೆಲಸ, ನಿಮ್ಮ ಸಂಸ್ಥೆಯ ಸಮಿತಿಯ ಒಪ್ಪಿಗೆ ಮೊದಲು ಬೇಕು. ತಾವಾಗಿ ಹೆಚ್ಚಲಾರದ ವಾಹಕವೂ ನಿಮ್ಮ ಬೆರಳಿಗೆ ಚುಚ್ಚಿದರೆ ನಿಮ್ಮ ಕೋಶದೊಳಗೆ ಹೋಗುತ್ತದೆ, ಹಾಗಾಗಿ ಸೂಜಿಯ ಬಳಿ ಎಚ್ಚರ. ಪ್ಯಾಚ್ ಕ್ಲ್ಯಾಂಪ್ ಮೇಜಿಗೆ ತರುವ ಮುನ್ನ ಮಾಧ್ಯಮವನ್ನು ಎರಡು ಮೂರು ಸಲ ಬದಲಿಸಿ; ಆ ಕೋಣೆಯಲ್ಲಿ ಗಾಜಿನ ಚೂಪು ತುದಿಗಳಿವೆ, ಹುಡ್ ಇಲ್ಲ. ಮತ್ತೆ, ಅಡೆನೊವೈರಸ್‌ಗೂ ಎಎವಿಗೂ ಕೊಬ್ಬಿನ ಹೊದಿಕೆ ಇಲ್ಲ, 70 ಶೇಕಡಾ ಆಲ್ಕೊಹಾಲ್‌ನಿಂದ ಒರೆಸಿದರೆ ಅವು ನಾಶವಾದವು ಎಂದು ನಂಬಬೇಡಿ. ಹೊಸದಾಗಿ ಬೆರೆಸಿದ ಬ್ಲೀಚ್ ದ್ರಾವಣವೇ ಬೇಕು.

ಕೊನೆಯದಾಗಿ, ನೀವು ಕೇಳದಿದ್ದರೂ ಈ ಪ್ರಯೋಗದ ತಿರುಳು ಎಂದು ನನಗೆ ಅನ್ನಿಸುವ ಸಂಗತಿ. ಇಂಥ ರೂಪಾಂತರವಿರುವ ರೋಗಿಗಳಲ್ಲಿ ಬಹುಪಾಲು ಜನರಿಗೆ ಒಂದು ಪ್ರತಿ ಕೆಟ್ಟದ್ದು, ಇನ್ನೊಂದು ಸರಿಯಾದದ್ದು. ಹರ್ಗ್ ನಾಲ್ಕು ಉಪಘಟಕಗಳು ಕೂಡಿ ಆಗುವ ಚಾನೆಲ್. ಎರಡೂ ಬಗೆಯ ಉಪಘಟಕಗಳು ಸಮವಾಗಿ ತಯಾರಾಗಿ ಭೇದವಿಲ್ಲದೆ ಬೆರೆತರೆ, ನಾಲ್ಕೂ ಸರಿಯಿರುವ ಚಾನೆಲ್ ಹದಿನಾರರಲ್ಲಿ ಒಂದು. ಒಂದೇ ಕೆಟ್ಟ ಉಪಘಟಕ ಇಡೀ ಚಾನೆಲ್ಲನ್ನು ಒಳಗೆ ಹಿಡಿದಿಡಬಲ್ಲದಾದರೆ ಪ್ರವಾಹ ಅರ್ಧಕ್ಕಲ್ಲ, ಸುಮಾರು 6 ಶೇಕಡಾಕ್ಕೆ ಇಳಿಯುತ್ತದೆ. ರೂಪಾಂತರವನ್ನು ಒಂಟಿಯಾಗಿ ಅಳೆದರೆ ಈ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಎರಡು ಬೇರೆ ವೈರಸ್‌ಗಳನ್ನು ಸಮಪ್ರಮಾಣದಲ್ಲಿ ಬೆರೆಸಿ ಹಾಕುವುದೂ ಕಡಿಮೆ ಎಂಒಐಯಲ್ಲಿ ಕೆಲಸ ಮಾಡುವುದಿಲ್ಲ. ಮಳೆಹನಿಯ ಲೆಕ್ಕ ಮತ್ತೆ ಬರುತ್ತದೆ, ಒಂದು ಕೋಶಕ್ಕೆ ಇದು, ಪಕ್ಕದ್ದಕ್ಕೆ ಅದು. ಎರಡೂ ಪ್ರತಿಗಳನ್ನು ಪಿ2ಎಯಿಂದ ಕೂಡಿಸಿದರೆ ಜೋಡಿ ಏಳು ಕಿಲೋಬೇಸ್ ಆಗುತ್ತದೆ, ಲೆಂಟಿಗೆ ಭಾರ, ಮೇಲಾಗಿ ಒಂದೇ ಬಗೆಯ ಎರಡು ಉದ್ದನೆಯ ಅನುಕ್ರಮಗಳು ಒಂದೇ ಆರ್‌ಎನ್‌ಎಯಲ್ಲಿದ್ದರೆ ವೈರಸ್ ಅವುಗಳಲ್ಲಿ ಒಂದನ್ನು ಕಳೆದುಕೊಳ್ಳುವ ಸಂಭವ ಹೆಚ್ಚು. ಅದಕ್ಕಿಂತ ಕಾಡುಬಗೆಯ ಹರ್ಗ್‌ನ ಸ್ಥಿರ ಎಚ್‌ಇಕೆ ತಳಿಯನ್ನು ಮೊದಲು ಮಾಡಿಕೊಳ್ಳಿ, ಅದಕ್ಕೆ ರೂಪಾಂತರದ ಲೆಂಟಿವೈರಸ್ಸನ್ನು ಬೇರೆ ಬಣ್ಣದ ಗುರುತಿನೊಂದಿಗೆ ಹಾಕಿ. ಆಗ ಅದೇ ತಟ್ಟೆಯಲ್ಲಿ ಎರಡು ಬಣ್ಣದ ಕೋಶವೂ ಒಂದೇ ಬಣ್ಣದ ಕೋಶವೂ ಅಕ್ಕಪಕ್ಕ ಇರುತ್ತವೆ. ಒಂದು ಬಣ್ಣದ ಕೋಶದ ಟೇಲ್ ಕರೆಂಟನ್ನೂ ಅದರ ನೆರೆಯ ಎರಡು ಬಣ್ಣದ ಕೋಶದ್ದನ್ನೂ ಒಂದೇ ದಿನ, ಒಂದೇ ದ್ರಾವಣದಲ್ಲಿ, ಅದೇ ಮೈನಸ್ 50 ಮಿಲಿವೋಲ್ಟ್‌ನಲ್ಲಿ ಅಳೆಯಿರಿ.